ಗಾಲಿಯ ಮೇಲೊಂದು ಅರ್ಧ ಇಂಚು

ಮಾಸ್ತರಿಕೆಯಲ್ಲಿ ಇಪ್ಪತ್ತೆಂಟು ವರ್ಷ ಕಳೆದವನಿಗೆ ಒಂದು ಚಟ ಅಂಟಿಕೊಂಡಿರುತ್ತದೆ. ಯಾರು ಏನು ಕೇಳಿದರೂ ಜೇಬಿನಿಂದ ಪೆನ್ನು ತೆಗೆದು, ಸಿಕ್ಕ ಕಾಗದದ ಹಿಂಬದಿಯಲ್ಲಿ ಲೆಕ್ಕ ಮಾಡತೊಡಗುವುದು. ಬಾವಿಗೆ ಎಷ್ಟು ಹಗ್ಗ ಬೇಕು, ಕಣಜಕ್ಕೆ ಎಷ್ಟು ತೊಗರಿ ಹಿಡಿದೀತು, ಮಾಳಿಗೆ ನೀರಿನ ಟಾಕಿಯ ಭಾರ ಎಷ್ಟು ಎಂದು ಕೇಳಲು ಬಂದವರನ್ನು ನಾನು ಬರಿಗೈಯಲ್ಲಿ ಕಳಿಸಿದವನಲ್ಲ. ಆ ಹೆಮ್ಮೆಗೆ ಒಮ್ಮೆ ಪೆಟ್ಟು ಬಿತ್ತು. ಪೆಟ್ಟು ನನಗೆ ಬಿದ್ದಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಬಿದ್ದದ್ದು ನನ್ನನ್ನು ನಂಬಿದ ಒಬ್ಬ ಹುಡುಗನಿಗೆ. ಅದಕ್ಕೇ ಈ ವಾರ ಸೈಕಲ್ಲಿನ ಮುಂದಿನ ಕ್ಯಾರಿಯರ್ ಬಗ್ಗೆ ನಾಲ್ಕು ಮಾತು.

ಹುಡುಗ ಒಂಬತ್ತನೆಯ ತರಗತಿ. ಶಹಾಪುರದಿಂದ ನಾಲ್ಕು ಕಿಲೋಮೀಟರ್ ದೂರದ ಹಳ್ಳಿಯಿಂದ ಬರುತ್ತಾನೆ. ತಂದೆ ಕಟ್ಟಡ ಕೆಲಸಕ್ಕೆಂದು ಬೆಂಗಳೂರಿಗೆ ಹೋದವರು, ವರ್ಷಕ್ಕೆರಡು ಸಲ ಊರಿಗೆ ಬರುತ್ತಾರೆ. ಅವರು ಬಿಟ್ಟುಹೋದ ಹಳೆಯ ಕರಿ ಸೈಕಲ್ಲೇ ಹುಡುಗನ ವಾಹನ. ತಾಯಿ ನಸುಕಿನಲ್ಲಿ ಎದ್ದು ಜೋಳದ ರೊಟ್ಟಿ ಬಡಿಯುತ್ತಾಳೆ. ಒಣಗಿದ ಕಡಕ್ ರೊಟ್ಟಿ ದಿನಕ್ಕೆ ನೂರರಂತೆ ಊರಿನ ಒಂದು ಖಾನಾವಳಿಗೆ ಹೋಗಬೇಕು. ಮನೆ ನಡೆಯುವುದು ಬಹುಪಾಲು ಆ ರೊಟ್ಟಿಯಿಂದಲೇ.

"ಸರ್ರ, ಹಿಂದಿನ ಕ್ಯಾರಿಯರ್ ಮ್ಯಾಲ ತಂಗಿ ಕೂಡ್ತಾಳ್ರಿ. ರೊಟ್ಟಿ ಡಬ್ಬಿ ಹ್ಯಾಂಡಲ್‌ಗೆ ಕಟ್ಟಿದ್ರ ಅಲ್ಲಾಡಿ ಅಲ್ಲಾಡಿ ಅರ್ಧ ರೊಟ್ಟಿ ಮುರೀತಾವ್ರಿ. ಖಾನಾವಳಿಯವ್ರು ಮುರಿದಿದ್ದಕ್ಕ ರೊಕ್ಕ ಕೊಡಲ್ರಿ. ಮುಂದಿನ ಗಾಲಿ ಮ್ಯಾಲ ಒಂದು ಕ್ಯಾರಿಯರ್ ಮಾಡಸ್ಬೇಕಂತ ಮಾಡೀನ್ರಿ. ಎಷ್ಟು ಎತ್ತರ ಇಡ್ಬೇಕ್ರಿ?"

ಕೇಳಿದ್ದು ಸರಿಯಾದ ಪ್ರಶ್ನೆ. ನಮ್ಮ ಭಾಗದಲ್ಲಿ ಸೈಕಲ್ಲಿಗೆ ಹೇರದ ವಸ್ತುವಿಲ್ಲ. ಹಾಲಿನ ಕ್ಯಾನು, ಮೇವಿನ ಹೊರೆ, ಸೀಮೆಎಣ್ಣೆ ಡಬ್ಬಿ, ಎಲ್ಲವೂ ಹಿಂದಿನ ಕ್ಯಾರಿಯರ್ ಮೇಲೆಯೇ. ಅಷ್ಟೇಕೆ, 1960ರ ದಶಕದಲ್ಲಿ ಕೇರಳದ ತುಂಬಾ ಉಡಾವಣಾ ಕೇಂದ್ರದಲ್ಲಿ ರಾಕೆಟ್ಟಿನ ಮೂತಿಯನ್ನು ಸೈಕಲ್ಲಿನ ಮೇಲೆ ಒಯ್ಯುವ ಫೋಟೋ ನೀವು ನೋಡಿರಬಹುದು. ಅಲ್ಲಿಯೂ ಅದು ಹಿಂದಿನ ಕ್ಯಾರಿಯರ್. ಮುಂದಿನ ಗಾಲಿಯ ಮೇಲೆ ಭಾರ ಹೇರುವ ರೂಢಿ ನಮ್ಮಲ್ಲಿ ಕಡಿಮೆ. 2006-07ರಲ್ಲಿ ರಾಜ್ಯ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭಿಸಿದ ಮೇಲೆ ನಮ್ಮ ಶಾಲೆಯ ಹೆಣ್ಣುಮಕ್ಕಳ ಸೈಕಲ್ಲಿನ ಮುಂದೆ ಬುಟ್ಟಿ ಕಂಡಿತು. ಆದರೆ ಅದು ಪುಸ್ತಕ, ಊಟದ ಡಬ್ಬಿಗೆ ಸಾಕು. ನೂರು ರೊಟ್ಟಿಯ ತಗಡಿನ ಡಬ್ಬಿ ಬೇರೆಯ ಮಾತು. ಡಬ್ಬಿ ಸೇರಿ ತೂಕ ಆರು ಕಿಲೋ.

ನನಗೆ ಉತ್ಸಾಹ ಬಂತು. ಪಾಠಕ್ಕೂ ಆಯಿತು, ಉಪಕಾರಕ್ಕೂ ಆಯಿತು ಎಂದುಕೊಂಡು ಇಡೀ ತರಗತಿಯನ್ನು ಅಂಗಳಕ್ಕೆ ಕರೆದೊಯ್ದೆ. ಟೈರಿಗೆ ಸುಣ್ಣದ ಗುರುತು ಹಾಕಿ, ಹುಡುಗನನ್ನು ಸೈಕಲ್ ಮೇಲೆ ಕೂರಿಸಿ, ಗುರುತು ಮೂರು ಸಲ ನೆಲ ಮುಟ್ಟುವವರೆಗೆ ಮೆಲ್ಲಗೆ ತಳ್ಳಿದೆವು. ಮೂರು ಸುತ್ತಿಗೆ 6 ಮೀಟರ್ 65 ಸೆಂಟಿಮೀಟರ್. ಅಂದರೆ ಒಂದು ಸುತ್ತಿಗೆ ಸುಮಾರು 2217 ಮಿಲಿಮೀಟರ್. ಪರಿಧಿಯನ್ನು ಪೈಯ ಎರಡರಷ್ಟರಿಂದ, ಅಂದರೆ 6.28ರಿಂದ ಭಾಗಿಸಿದರೆ ತ್ರಿಜ್ಯ: 353 ಮಿಲಿಮೀಟರ್. ಮಕ್ಕಳು ಚಪ್ಪಾಳೆ ತಟ್ಟಿದರು. ನಾನೂ ಮನಸ್ಸಿನಲ್ಲಿ ತಟ್ಟಿಕೊಂಡೆ.

ಇನ್ನು ಗಾಲಿಗೂ ಕ್ಯಾರಿಯರಿಗೂ ನಡುವೆ ಎಷ್ಟು ಸಂದು ಬಿಡಬೇಕು? ಭಾರ ಎಷ್ಟು ಕೆಳಗಿದ್ದರೆ ಅಷ್ಟು ಒಳ್ಳೆಯದು, ಸೈಕಲ್ ಓಲಾಡುವುದಿಲ್ಲ. ಡಬ್ಬಿಯ ಮುಚ್ಚಳ ಹ್ಯಾಂಡಲ್ಲಿಗೆ ತಾಗಲೂಬಾರದು. ಅರ್ಧ ಇಂಚು ಸಾಕು ಎಂದೆ. 12 ಮಿಲಿಮೀಟರ್. 353ಕ್ಕೆ 12 ಕೂಡಿಸಿದರೆ 365. ಒಂದು ಚೀಟಿಯ ಮೇಲೆ ಚಿತ್ರ ಬಿಡಿಸಿ, ಗಾಲಿಯ ಅಚ್ಚಿನ ನಡುವಿನಿಂದ ಕ್ಯಾರಿಯರಿನ ತಳಕ್ಕೆ 365 ಮಿ.ಮೀ. ಎಂದು ಬರೆದು ಸಹಿ ಹಾಕುವುದೊಂದು ಬಾಕಿ, ಹುಡುಗನ ಕೈಗೆ ಕೊಟ್ಟೆ. ಖರ್ಚು ಉಳಿಯಲೆಂದು ಅಚ್ಚಿನವರೆಗೆ ಇಳಿಯುವ ಉದ್ದನೆಯ ಸಳಿಗಳನ್ನು ಚಿತ್ರದಲ್ಲಿ ಹಾಕಲಿಲ್ಲ. ಹ್ಯಾಂಡಲ್ಲಿನಿಂದ ಎರಡು ಗಿಡ್ಡ ಸಳಿ, ಅವುಗಳ ತುದಿಗೆ ಕ್ಯಾರಿಯರ್. ಅಷ್ಟೇ.

ವೆಲ್ಡಿಂಗ್ ಮಾಡುವವರ ಹತ್ತಿರ ನಾನೇ ಹೋಗಿದ್ದೆ. ಅವರು ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಮೂಲೆಯಿಂದ ಒಂದು ಕಟಗಿ ತುಂಡು ತಂದು ಗಾಲಿಯ ಮೇಲಿಟ್ಟರು. "ಸರ್ರ, ಇದು ಒಂದು ಇಂಚು ಅದ. ಇದರ ಮ್ಯಾಲ ಪಟ್ಟಿ ಕೂಡಿಸಿ ವೆಲ್ಡ್ ಹೊಡೀತೀನಿ. ಲೆಕ್ಕ ಯಾಕ ಬೇಕ್ರಿ ಇದಕ್ಕ? ಒಂದು ಇಂಚರ ಬಿಡ್ರಿ."

ನಾನು ನಕ್ಕೆ. ಬಿ.ಎಸ್ಸಿ., ಬಿ.ಎಡ್. ಮಾಡಿದವನ ನಗೆ ಅದು. "ಚೀಟಿಯಲ್ಲಿ ಇದ್ದಂಗ ಮಾಡ್ರಿ" ಎಂದೆ. ಅವರು ಚೀಟಿಯಲ್ಲಿ ಇದ್ದಂತೆಯೇ, ಒಂದು ಮಿಲಿಮೀಟರ್ ಕೂಡ ತಪ್ಪದಂತೆ ಮಾಡಿಕೊಟ್ಟರು.

ಮರುದಿನ ಅಂಗಳದಲ್ಲಿ ಪರೀಕ್ಷೆ. ಆರು ಕಿಲೋ ಹೇರಿ ಸೈಕಲ್ಲನ್ನು ಆ ಗೋಡೆಯಿಂದ ಈ ಗೋಡೆಗೆ ತಳ್ಳಿದೆವು. ಗಾಲಿ ಎಲ್ಲಿಯೂ ತಾಗಲಿಲ್ಲ. ಪಾಸಾಯಿತು ಎಂದು ಕಳಿಸಿದೆ. ಒಂಬತ್ತು ದಿನ ರೊಟ್ಟಿ ಒಂದೂ ಮುರಿಯದೆ ಖಾನಾವಳಿ ಸೇರಿದವು. ಹತ್ತನೆಯ ದಿನ ಬೆಳಿಗ್ಗೆ, ಕಾಲುವೆಯ ಸೇತುವೆ ಇಳಿದ ಮೇಲೆ ಬರುವ ತಗ್ಗಿನಲ್ಲಿ ಮುಂದಿನ ಗಾಲಿ ಒಮ್ಮೆಲೇ ಹಿಡಿದುಕೊಂಡಿತು. ಹುಡುಗ ಹ್ಯಾಂಡಲ್ ದಾಟಿ ಮುಂದೆ ಬಿದ್ದ. ಬಲ ಮುಂಗೈ ಎಲುಬು ಮುರಿಯಿತು. ಹಿಂದೆ ಕುಳಿತಿದ್ದ ತಂಗಿಗೆ ಮೊಣಕಾಲು ತೆರೆದದ್ದು ಬಿಟ್ಟರೆ ಏನೂ ಆಗಲಿಲ್ಲ. ಅದು ಅವರ ಪುಣ್ಯ, ನನ್ನ ಪುಣ್ಯವೂ ಹೌದು. ಹಿಂದಿನಿಂದ ಒಂದು ಟ್ರ್ಯಾಕ್ಟರ್ ಬರುತ್ತಿದ್ದಿದ್ದರೆ ಎಂದು ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ಆಸ್ಪತ್ರೆಗೆ ಹೋದೆ. ತಾಯಿ ಜಗಳ ಮಾಡಿದ್ದರೆ ಹಗುರವಾಗುತ್ತಿತ್ತು. ಆಕೆ ಅಂದದ್ದು ಇಷ್ಟೇ: "ರೊಟ್ಟಿ ಹೋದ್ರ ಹೋಗ್ಲಿ ಬಿಡ್ರಿ ಗುರುಗಳೇ, ಮಕ್ಕಳು ಉಳದ್ರು. ನೀವು ಲೆಕ್ಕಾ ಹಾಕಿ ಕೊಟ್ಟಿದ್ರಿ, ಇಂವನೇ ಜೋರು ಬಿಟ್ಟಿರಬೇಕು." ಹುಡುಗ ತಲೆ ತಗ್ಗಿಸಿ ಕೂತಿದ್ದ. ತನ್ನದೇ ತಪ್ಪು ಎಂದು ಅವನೂ ನಂಬಿದ್ದ. ಲೆಕ್ಕ ತಪ್ಪಿರಬಹುದು ಎಂಬ ಯೋಚನೆ ಆ ಇಬ್ಬರಿಗೂ ಬಂದಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಬಂದಿರಲಿಲ್ಲ. ವೆಲ್ಡಿಂಗ್ ಸಡಿಲಾಗಿರಬೇಕು ಎಂದುಕೊಂಡೇ ಮನೆಗೆ ಬಂದೆ.

ಸೈಕಲ್ಲನ್ನು ಶಾಲೆಯ ಪ್ರಯೋಗಾಲಯಕ್ಕೆ ತರಿಸಿದೆ. ವೆಲ್ಡಿಂಗ್ ಕಲ್ಲಿನಂತಿತ್ತು. ಅಚ್ಚಿನ ನಡುವಿನಿಂದ ಅಳೆದರೆ ಕ್ಯಾರಿಯರಿನ ತಳ 365ಕ್ಕೇ ಇತ್ತು. ಆದರೆ ಸಂದು 12 ಇರಬೇಕಾದಲ್ಲಿ 8 ಮಿಲಿಮೀಟರ್ ಮಾತ್ರ ಇತ್ತು! ಅಚ್ಚಿನಿಂದ ಟೈರಿನ ನೆತ್ತಿಗೆ ಪಟ್ಟಿ ಹಿಡಿದೆ. 357. ಮತ್ತೆ ಹಿಡಿದೆ. 357. ಹಾಗಾದರೆ ಮೂರು ಸುತ್ತು ತಿರುಗಿಸಿ, ಇಡೀ ತರಗತಿ ಸಾಕ್ಷಿಯಾಗಿ ಕಂಡುಹಿಡಿದ 353 ಎಲ್ಲಿಂದ ಬಂತು?

ಎರಡು ದಿನ ತಲೆ ಕೆಡಿಸಿಕೊಂಡೆ. ಮೂರನೆಯ ದಿನ ಹುಡುಗ ಕೈಗೆ ಪಟ್ಟಿ ಹಾಕಿಸಿಕೊಂಡೇ ಶಾಲೆಗೆ ಬಂದ. ಸಂಕೋಚವಿಲ್ಲದೆ ಅವನ ಮುಂದೆ ಎರಡೂ ಅಂಕಿ ಇಟ್ಟೆ. ಸ್ವಲ್ಪ ಹೊತ್ತು ಸೈಕಲ್ಲನ್ನೇ ನೋಡುತ್ತಾ ನಿಂತವನು, "ಸರ್ರ, ನಾನು ಮ್ಯಾಲ ಕುಂತಾಗ ಟೈರು ಕೆಳಗ ಚಪ್ಪಟಿ ಆಗ್ತದಲ್ರಿ. ಮ್ಯಾಲಿನ ಕಡೆ ಆಗಲ್ಲಲ್ರಿ?" ಎಂದ.

ಓದುಗರೇ, ಅಷ್ಟೇ ಇತ್ತು ವಿಷಯ. ಗಾಳಿ ತುಂಬಿದ ಟೈರು ಭಾರಕ್ಕೆ ನೆಲದ ಹತ್ತಿರ ಒತ್ತಿಕೊಳ್ಳುತ್ತದೆ. ಆದ್ದರಿಂದ ಉರುಳುವ ಗಾಲಿ ಒಂದು ಸುತ್ತಿಗೆ ಕ್ರಮಿಸುವ ದೂರ, ಅದರ ಪೂರ್ಣ ಪರಿಧಿಗಿಂತ ಕಡಿಮೆ. ಆ ದೂರದಿಂದ ಪಡೆದ ತ್ರಿಜ್ಯವೂ ಕಡಿಮೆ. ಸೈಕಲ್ ಎಷ್ಟು ದೂರ ಹೋಯಿತು ಎಂದು ತಿಳಿಯಲು ಆ ತ್ರಿಜ್ಯ ಸರಿ. ಆದರೆ ಗಾಲಿಯ ನೆತ್ತಿಯಲ್ಲಿ ನೆಲವಿಲ್ಲ, ಒತ್ತುವವರಿಲ್ಲ. ಅಲ್ಲಿ ಟೈರು ತನ್ನ ಪೂರ್ಣ ಗಾತ್ರದಲ್ಲೇ ಇರುತ್ತದೆ. ಕ್ಯಾರಿಯರ್ ಇರುವುದು ನೆತ್ತಿಯಲ್ಲಿ. ನಾನು ಕೆಳಗಿನ ಅಳತೆ ತೆಗೆದು ಮೇಲಿನ ಕೆಲಸಕ್ಕೆ ಹಚ್ಚಿದ್ದೆ. ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ 1888ರಲ್ಲಿ ಮಗನ ಮೂರುಗಾಲಿ ಬಂಡಿಗೆಂದು ಗಾಳಿಯ ಟೈರು ಮಾಡಿದ. ಅದಕ್ಕೂ ಮೊದಲಿನ ಗಟ್ಟಿ ರಬ್ಬರಿನ ಕಾಲದಲ್ಲಾಗಿದ್ದರೆ ನನ್ನ ಲೆಕ್ಕ ಹೆಚ್ಚುಕಡಿಮೆ ಸರಿಯಾಗಿರುತ್ತಿತ್ತು. ನೂರಾಮೂವತ್ತು ವರ್ಷ ತಡವಾಗಿ ಹುಟ್ಟಿದ ಲೆಕ್ಕ ಅದು!

ಹಾಗೆ ನೋಡಿದರೆ ಗಾಲಿಯನ್ನು ಉರುಳಿಸುವ ಅಗತ್ಯವೇ ಇರಲಿಲ್ಲ. ಟೈರಿನ ಮಗ್ಗುಲಲ್ಲೇ ಉತ್ತರ ಬರೆದಿತ್ತು. ದೊಡ್ಡ ಕರಿ ಸೈಕಲ್ಲಿನ ಟೈರಿನ ಮೇಲೆ 28 x 1½ ಎಂದಿರುತ್ತದೆ. ಅದರ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ 40-635 ಎಂದು ಇನ್ನೊಂದು ಗುರುತು ಇರುತ್ತದೆ. ಇದು ಐಎಸ್‌ಒ 5775 ಎಂಬ ಅಂತರರಾಷ್ಟ್ರೀಯ ಮಾನಕದ ಗುರುತು. 40 ಎಂದರೆ ಟೈರಿನ ದಪ್ಪ, 635 ಎಂದರೆ ಟೈರಿನ ಅಂಚು ರಿಮ್ಮಿನಲ್ಲಿ ಕೂಡುವ ಜಾಗದ ವ್ಯಾಸ, ಎರಡೂ ಮಿಲಿಮೀಟರುಗಳಲ್ಲಿ. 635ಕ್ಕೆ ಎರಡೂ ಕಡೆಯ 40 ಕೂಡಿಸಿದರೆ 715. ಅರ್ಧ ಮಾಡಿದರೆ 357.5. ನನ್ನ ಪಟ್ಟಿ ತೋರಿಸಿದ್ದು 357. ಎಷ್ಟು ಸರಿಯಾಗಿದೆ ನೋಡಿ.

ಆದರೆ ಬರಿಯ ಇಂಚಿನ ಹೆಸರನ್ನು ನಂಬಬೇಡಿ. 26 ಇಂಚು ಎಂದು ಕರೆಸಿಕೊಳ್ಳುವ ಗಾಲಿಗಳೇ ಹಲವು. 26 x 1⅜ ಎಂಬುದರ ಗುರುತು 37-590. 26 x 1½ ಎಂಬುದರದು 40-584. ದಪ್ಪ ಟೈರಿನ ಸೈಕಲ್ಲಿನ 26 x 2.125 ಎಂಬುದರದು 54-559. ರಿಮ್ಮು ಮೂರೂ ಬೇರೆ ಬೇರೆ. ಹೊರ ವ್ಯಾಸವನ್ನು ಮಾತ್ರ ಲೆಕ್ಕ ಹಾಕಿ: 664, 664, 667. ಹೊರಗಿನಿಂದ ಎಲ್ಲವೂ ಹೆಚ್ಚುಕಡಿಮೆ 26 ಇಂಚು. ಒಂದರ ಟೈರು ಇನ್ನೊಂದರ ರಿಮ್ಮಿಗೆ ಕೂಡುವುದಿಲ್ಲ. ಪಕ್ಕದ ಮನೆಯ ಸೈಕಲ್ಲಿನ ಅಳತೆ ತಂದು ನಿಮ್ಮ ಸೈಕಲ್ಲಿಗೆ ಕ್ಯಾರಿಯರ್ ಮಾಡಿಸಬೇಡಿ ಎನ್ನುವುದು ಇದಕ್ಕೇ.

ಸರಿ, 4 ಮಿಲಿಮೀಟರ್ ನನ್ನ ತಪ್ಪಿನಲ್ಲಿ ಹೋಯಿತು. ಆದರೂ 8 ಉಳಿದಿತ್ತಲ್ಲ? ಅದೆಲ್ಲಿ ಹೋಯಿತು? ಇದನ್ನು ಹುಡುಗರೇ ಪತ್ತೆ ಮಾಡಿದರು. ಮೊದಲು ಕ್ಯಾರಿಯರಿನ ಮೇಲೆ ಆರು ಕಿಲೋ ತೂಕದ ಕಲ್ಲು ಇಟ್ಟರು. ಹ್ಯಾಂಡಲ್ಲಿಗೆ ನೇತುಬಿದ್ದ ಗಿಡ್ಡ ಸಳಿಗಳು ಬಾಗಿ, ತಳ 4 ಮಿಲಿಮೀಟರ್ ಇಳಿಯಿತು. ಉಳಿದದ್ದು 4. ಆಮೇಲೆ ಗಾಲಿಯನ್ನು ಮೆಲ್ಲಗೆ ತಿರುಗಿಸುತ್ತಾ ನೆತ್ತಿಯ ಎದುರು ಸೀಸದಕಡ್ಡಿ ಹಿಡಿದರು. ಹಳೆಯ ಟೈರು ಒಂದು ಕಡೆ ರಿಮ್ಮಿನಲ್ಲಿ ಸರಿಯಾಗಿ ಕೂಡದೆ ಗುಬ್ಬಿಯಂತೆ ಉಬ್ಬಿತ್ತು, 3 ಮಿಲಿಮೀಟರ್. ಉಳಿದದ್ದು 1. ಅಂಗಳದಲ್ಲಿ ಸೈಕಲ್ ಪಾಸಾದದ್ದು ಈ ಒಂದು ಮಿಲಿಮೀಟರಿನ ಕೃಪೆಯಿಂದ, ಎಂದರೆ ಒಂದು ಹೆಬ್ಬೆರಳ ಉಗುರಿನ ದಪ್ಪ!

ಇನ್ನು ತಗ್ಗಿನ ಕಥೆ. ಒಂದು ಸ್ಪ್ರಿಂಗಿನ ತುದಿಗೆ ಕಲ್ಲನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಬಿಟ್ಟರೆ ಸ್ಪ್ರಿಂಗು ಒಂದಿಷ್ಟು ಉದ್ದವಾಗುತ್ತದೆ. ಅದೇ ಕಲ್ಲನ್ನು ಒಮ್ಮೆಲೇ ಕೈಬಿಟ್ಟರೆ ಅದರ ಎರಡರಷ್ಟು ಕೆಳಗೆ ಹೋಗಿ ಮತ್ತೆ ಮೇಲೆ ಬರುತ್ತದೆ. ಮೇಲಿನಿಂದ ಬೀಳಿಸಿದರೆ ಇನ್ನೂ ಹೆಚ್ಚು. ಇದನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಮಾಡಿ ತೋರಿಸುತ್ತೇನೆ. ಸೈಕಲ್ ತಗ್ಗಿಗೆ ಬಿದ್ದಾಗ ರೊಟ್ಟಿ ಡಬ್ಬಿ ಮಾಡುವುದೂ ಅದನ್ನೇ. ನಿಂತಾಗ 4 ಮಿಲಿಮೀಟರ್ ಇಳಿದಿದ್ದ ಕ್ಯಾರಿಯರ್ ತಗ್ಗಿನಲ್ಲಿ ಕಡಿಮೆಯೆಂದರೂ 8 ಇಳಿಯಬೇಕು. ಲೆಕ್ಕ ಒಟ್ಟು ಮಾಡಿ: 12ರಲ್ಲಿ 4 ನನ್ನ ತಪ್ಪಿಗೆ, 4 ಭಾರಕ್ಕೆ, 3 ಟೈರಿನ ಗುಬ್ಬಿಗೆ, ಇನ್ನೂ 4 ತಗ್ಗಿನ ಏಟಿಗೆ. ಒಟ್ಟು 15. ಇದ್ದದ್ದು 12. ಕೊರತೆ 3 ಮಿಲಿಮೀಟರ್.

ಒಂಬತ್ತು ದಿನ ಆ ಗುಬ್ಬಿ ನೆತ್ತಿಗೆ ಬರುವ ಗಳಿಗೆಯೂ ತಗ್ಗಿನ ಏಟಿನ ಗಳಿಗೆಯೂ ಒಂದಾಗಿರಲಿಲ್ಲ. ಹತ್ತನೆಯ ದಿನ ಒಂದಾದವು. ಕ್ಯಾರಿಯರಿನ ಅಡ್ಡಪಟ್ಟಿಯ ಅಂಚು ಉಬ್ಬಿದ ರಬ್ಬರನ್ನು ಕಚ್ಚಿತು. ಹಿಂದಿನ ಗಾಲಿ ಹೀಗೆ ನಿಂತಿದ್ದರೆ ಸೈಕಲ್ ಜಾರುತ್ತಿತ್ತು, ಅಷ್ಟೇ. ಮುಂದಿನ ಗಾಲಿ ನಿಂತರೆ ಸವಾರನ ಮೈ ಮಾತ್ರ ನಿಲ್ಲುವುದಿಲ್ಲ. ಅದು ನ್ಯೂಟನ್ನನ ಮೊದಲ ನಿಯಮ. ಅದನ್ನೂ ನಾನೇ ಪಾಠ ಮಾಡಿದ್ದೆ.

ಆ ಮಧ್ಯಾಹ್ನ ಹಲಗೆಯ ಮೇಲೆ ಈ ಕಳೆಯುವ ಲೆಕ್ಕವನ್ನು ದೊಡ್ಡದಾಗಿ ಬರೆದೆ. ಮೊದಲನೆಯ 4ರ ಎದುರು 'ಮಾಸ್ತರರ ತಪ್ಪು' ಎಂದು ಬರೆದೆ. ತರಗತಿ ಗಪ್ಪಾಯಿತು. ಮಾಸ್ತರನ ತಪ್ಪು ಹಲಗೆಯ ಮೇಲೆ ಬಂದದ್ದನ್ನು ಅವರು ಕಂಡಿರಲಿಲ್ಲ. ಸಂಜೆ ಹುಡುಗನ ಮನೆಗೆ ಹೋಗಿ ತಾಯಿಗೂ ಹೇಳಿದೆ: "ಮಗ ಜೋರು ಬಿಟ್ಟಿಲ್ಲವ್ವ, ಲೆಕ್ಕ ನಂದೇ ತಪ್ಪಿತ್ತು." ಆಕೆ ಏನೂ ಅನ್ನಲಿಲ್ಲ. ಹುಡುಗ ಮಾತ್ರ ಅಂದು ಮೊದಲ ಸಲ ತಲೆ ಎತ್ತಿ ಕೂತ.

ಪಟ್ಟಿ ಬಿಚ್ಚುವವರೆಗೆ ಆರು ವಾರ ರೊಟ್ಟಿ ಡಬ್ಬಿ ನನ್ನ ಸ್ಕೂಟರಿನ ಮೇಲೆ ಖಾನಾವಳಿಗೆ ಹೋಯಿತು. ದಿನಕ್ಕೆ ಏಳೆಂಟು ಮುರಿಯುತ್ತಿದ್ದವು. ಮುರಿದವನ್ನು ನಾನೇ ಕೊಂಡು ತಿಂದೆ. ನಮ್ಮ ಮನೆಯವರು, "ಲೆಕ್ಕ ತಪ್ಪಿದ್ದು ನಿಮ್ಮದು, ಕಡಕ್ ರೊಟ್ಟಿ ತಿಂದು ಹಲ್ಲು ಹೋಗೋದು ನಮ್ಮದು" ಎಂದರು.

ಈಗ ಎರಡನೆಯ ಕ್ಯಾರಿಯರ್ ಹೇಗೆ ಮಾಡಿದೆವು ಎಂಬುದನ್ನು ಹೇಳುತ್ತೇನೆ. ನಿಮ್ಮಲ್ಲಿ ಯಾರಿಗಾದರೂ ಉಪಯೋಗಕ್ಕೆ ಬಂದೀತು.

ಮೊದಲು ಟೈರಿಗೆ ಗಾಳಿಯನ್ನು ಬಿಗಿಯಾಗಿ ತುಂಬಿಸಿ. ಮೆತ್ತಗಿರುವ ಟೈರಿನ ಅಳತೆ ಅಳತೆಯಲ್ಲ. ಸೈಕಲ್ಲನ್ನು ಎತ್ತಿ ಹಿಡಿದು ಗಾಲಿಯನ್ನು ಪೂರ್ತಿ ಒಂದು ಸುತ್ತು ತಿರುಗಿಸಿ, ಎಲ್ಲಕ್ಕಿಂತ ಉಬ್ಬಿದ ಜಾಗ ಹುಡುಕಿ. ಅಚ್ಚಿನ ನಡುವಿನಿಂದ ಆ ಜಾಗಕ್ಕೆ ಅಳೆಯಿರಿ. ನಮ್ಮದು 357ಕ್ಕೆ 3 ಸೇರಿ 360 ಆಯಿತು. ಮಡ್‌ಗಾರ್ಡ್ ಇದ್ದರೆ ಅದರ ಹೊರಮೈಯಿಂದ ಅಳೆಯಬೇಕು. ಈ ಹುಡುಗನ ಸೈಕಲ್ಲಿಗೆ ಅದಿರಲಿಲ್ಲ. ನಮ್ಮ ಎರೆಭೂಮಿಯಲ್ಲಿ ಮಳೆಗಾಲಕ್ಕೆ ಮುಂದಿನ ಮಡ್‌ಗಾರ್ಡ್ ಬಿಚ್ಚಿಡುವವರು ಬಹಳ. ಎರೆಮಣ್ಣು ಟೈರಿಗೆ ಅಂಟಿ, ಮಡ್‌ಗಾರ್ಡಿನ ಒಳಗೆ ಮೆತ್ತಿಕೊಂಡು, ಕೊನೆಗೆ ಗಾಲಿ ತಿರುಗದಂತೆ ಮಾಡುವುದು ಇಲ್ಲಿಯವರಿಗೆ ಹೇಳಬೇಕಾದ್ದಿಲ್ಲ. ಕ್ಯಾರಿಯರಿನ ತಳವೂ ಇನ್ನೊಂದು ಮಡ್‌ಗಾರ್ಡ್ ಇದ್ದಂತೆಯೇ. ಅರ್ಧ ಇಂಚು ಸಂದನ್ನು ಎರೆಮಣ್ಣು ಹತ್ತು ಮಾರು ದೂರದಲ್ಲಿ ತುಂಬಿಬಿಡುತ್ತದೆ. ಅದೊಂದನ್ನು ನೆನೆದಿದ್ದರೂ ನಾನು ಅರ್ಧ ಇಂಚು ಎನ್ನುತ್ತಿರಲಿಲ್ಲ. ಹೊಲದ ದಾರಿ, ಗದ್ದೆಯಿಂದ ಬಂದ ಟ್ರ್ಯಾಕ್ಟರುಗಳು ಕೆಸರು ಚೆಲ್ಲಿದ ರಸ್ತೆ ಇದ್ದರೆ ಒಂದು ಇಂಚು ಕನಿಷ್ಠ, ಒಂದೂವರೆ ಉತ್ತಮ. ಮಣ್ಣು ಮೆತ್ತಿದ್ದು ಕಂಡ ಕೂಡಲೇ ಇಳಿದು ಕಡ್ಡಿಯಿಂದ ಕೆರೆದು ಹಾಕಬೇಕು.

ಎರಡನೆಯದು ಆಧಾರ. ಕ್ಯಾರಿಯರಿನ ಭಾರ ಅಚ್ಚಿನ ಮೇಲೆ ನಿಲ್ಲಬೇಕು, ಹ್ಯಾಂಡಲ್ಲಿಗೆ ನೇತುಬೀಳಬಾರದು. ಇದಕ್ಕೆ ಚೆಂದದ ಕಾರಣವಿದೆ. ಅಚ್ಚಿನಿಂದ ಮೇಲೆದ್ದ ಸಳಿಗಳು ಒಂದು ವೇಳೆ ಸಡಿಲಾಗಿ ಮುಂದಕ್ಕೋ ಹಿಂದಕ್ಕೋ ವಾಲಿದರೂ, ಕ್ಯಾರಿಯರ್ ಅಚ್ಚಿನ ಸುತ್ತಲೇ ತಿರುಗುತ್ತದೆ. ಗಾಲಿಯ ಕೇಂದ್ರವೂ ಅದೇ. ಹಾಗಾಗಿ ಸಂದು ಕಡಿಮೆಯಾಗುವುದಿಲ್ಲ. ಹ್ಯಾಂಡಲ್ಲಿಗೆ ನೇತುಹಾಕಿದ್ದು ಬಾಗಿದರೆ ನೇರ ಗಾಲಿಯ ಮೇಲೆಯೇ ಬರುತ್ತದೆ. ಸಳಿಗೆ ಉಳಿಸಿದ ಹಣ ಎಲುಬಿಗೆ ಹೋಯಿತು ಎನ್ನುವುದು ನಮ್ಮ ಅನುಭವ. ಅಚ್ಚಿಗೆ ಸಳಿಯ ಕಣ್ಣು ಹಾಕಿದ ಮೇಲೆ ನಟ್ಟು ಪೂರ್ತಿಯಾಗಿ ಆಟೆಗಳ ಮೇಲೆ ಕೂಡುತ್ತದೆಯೇ ನೋಡಿ. ದಪ್ಪ ಪಟ್ಟಿ ಹಾಕಿ, ನಟ್ಟು ಅರ್ಧ ಮಾತ್ರ ಹಿಡಿದಿದ್ದರೆ ಗಾಲಿಯೇ ಕಳಚೀತು. ಮೇಲ್ಗಡೆ ಹ್ಯಾಂಡಲ್ಲಿಗೆ ಒಂದು ಆಸರೆ ಕೊಡಿ, ಅದು ವಾಲದಂತೆ ಹಿಡಿಯಲು ಮಾತ್ರ. ಕ್ಯಾರಿಯರಿನ ಎಲ್ಲ ಕಟ್ಟುಗಳೂ ಗಾಲಿಯ ಜೊತೆಗೆ ತಿರುಗುವ ಭಾಗಕ್ಕೇ ಇರಬೇಕು. ಒಂದನ್ನು ಹ್ಯಾಂಡಲ್ಲಿಗೆ, ಇನ್ನೊಂದನ್ನು ಚೌಕಟ್ಟಿಗೆ ಬಿಗಿದರೆ ಸೈಕಲ್ ತಿರುಗುವುದೇ ಇಲ್ಲ.

ಮೂರನೆಯದು ಪೈಥಾಗೊರಸನ ಪಾಲು. ಕ್ಯಾರಿಯರ್ ಚಪ್ಪಟೆ, ಗಾಲಿ ದುಂಡಗೆ. ಸಮತಟ್ಟಾಗಿ ಕೂಡಿಸಿದ ಕ್ಯಾರಿಯರ್ ಗಾಲಿಗೆ ಅತಿ ಹತ್ತಿರವಿರುವುದು ಅಚ್ಚಿನ ನೇರ ಮೇಲಿನ ಒಂದೇ ಜಾಗದಲ್ಲಿ. ತ್ರಿಜ್ಯ 360 ಎಂದಿಟ್ಟುಕೊಳ್ಳಿ. ಅಲ್ಲಿಂದ 100 ಮಿಲಿಮೀಟರ್ ಮುಂದೆ ಹೋದರೆ ಟೈರಿನ ಎತ್ತರ 346ಕ್ಕೆ ಇಳಿಯುತ್ತದೆ, ಅಂದರೆ ಸಂದು 14 ಮಿಲಿಮೀಟರ್ ಹೆಚ್ಚು. 150 ಮುಂದೆ ಹೋದರೆ 327, ಅಂದರೆ 33 ಹೆಚ್ಚು. ಆದ್ದರಿಂದ ಬೋಲ್ಟಿನ ತಲೆ, ವೆಲ್ಡಿಂಗಿನ ಗಂಟು, ಅಡ್ಡಪಟ್ಟಿ ಯಾವುದೂ ನಡುವೆ ಬರದಂತೆ ಹಿಂದೆ ಮುಂದೆ ಸರಿಸಿದರೆ, ಕ್ಯಾರಿಯರನ್ನು ಎತ್ತರಿಸದೆಯೇ ಸಂದು ಸಿಗುತ್ತದೆ. ಕ್ಯಾರಿಯರ್ ಮುಂದಕ್ಕೆ ವಾಲಿದ್ದರೆ ಹತ್ತಿರದ ಜಾಗವೂ ಮುಂದಕ್ಕೆ ಸರಿಯುತ್ತದೆ. ಅಚ್ಚಿನಿಂದ ಕ್ಯಾರಿಯರಿಗೆ ಎಳೆದ ಲಂಬ ಎಲ್ಲಿ ಮುಟ್ಟುತ್ತದೋ ಅಲ್ಲಿ ಅಳೆಯಿರಿ.

ನಾಲ್ಕನೆಯದು ಬ್ರೇಕು. ಕರಿ ಸೈಕಲ್ಲಿನ ಬ್ರೇಕು ವೈರಿನದಲ್ಲ, ಸಳಿಯದು. ಹಿಡಿಕೆ ಒತ್ತಿದಾಗ ಸಳಿ ಮೇಲಕ್ಕೆ ಎಳೆದುಕೊಂಡು ರಬ್ಬರನ್ನು ರಿಮ್ಮಿಗೆ ಒತ್ತುತ್ತದೆ. ಕ್ಯಾರಿಯರ್ ಆಗಲಿ ಡಬ್ಬಿಯಾಗಲಿ ಆ ಸಳಿಯ ಮೇಲೆ ಕೂತರೆ ಮುಂದಿನ ಬ್ರೇಕು ಇಲ್ಲವೆಂದೇ ತಿಳಿಯಿರಿ. ಭಾರ ಹೇರಿದ ಮೇಲೆ ಬ್ರೇಕು ಒತ್ತಿ ನೋಡಬೇಕು, ಹ್ಯಾಂಡಲ್ಲನ್ನು ಎಡಕ್ಕೆ ಬಲಕ್ಕೆ ಪೂರ್ತಿ ತಿರುಗಿಸಿ ನೋಡಬೇಕು.

ಕೊನೆಯದು ಪರೀಕ್ಷೆ. ಇದನ್ನು ಹೇಳಿಕೊಟ್ಟದ್ದು ಆ ತಾಯಿ. "ಹಿಟ್ಟಿನ ಉಂಡಿ ಹಚ್ಚಿ ನೋಡ್ರಿ, ತಾಗಿದ್ರ ಗುರುತು ಬೀಳ್ತದ" ಎಂದಳು. ಕಲಸಿದ ಜೋಳದ ಹಿಟ್ಟಿನ ಉಂಡೆಯನ್ನು ಕ್ಯಾರಿಯರಿನ ತಳಕ್ಕೆ, ಗಾಲಿಗೆ ತುಸು ತಾಗುವಂತೆ ಹಚ್ಚಿದೆವು. ಮೇಲೆ ಆರರ ಬದಲು ಹನ್ನೆರಡು ಕಿಲೋ ಕಟ್ಟಿ, ಯಾರೂ ಹತ್ತದೆ, ಸೈಕಲ್ಲನ್ನು ಕೈಯಿಂದ ತಳ್ಳುತ್ತಾ ಕಲ್ಲು ತಗ್ಗು ಎಲ್ಲ ಹಾಯಿಸಿದೆವು. ಟೈರು ಉಂಡೆಯನ್ನು ಸವರಿ ಸವರಿ ತೆಳುಮಾಡುತ್ತದೆ. ಕೊನೆಗೆ ಉಳಿದ ಹಿಟ್ಟಿನ ದಪ್ಪವೇ, ಅಷ್ಟೂ ದಾರಿಯಲ್ಲಿ ಸಂದು ಅತಿ ಕಡಿಮೆಯಾದಾಗ ಎಷ್ಟಿತ್ತು ಎಂಬುದರ ಅಳತೆ. ಇಂಥ ಸರಳ ಉಪಕರಣ ನಮ್ಮ ಪ್ರಯೋಗಾಲಯದಲ್ಲಿಲ್ಲ. ನಮ್ಮ ಎರಡನೆಯ ಕ್ಯಾರಿಯರಿನ ತಳ 385ಕ್ಕೆ ಕೂಡಿತು. ಸಂದು 25. ಪರೀಕ್ಷೆಯ ನಂತರ ಉಳಿದ ಹಿಟ್ಟು 21 ಮಿಲಿಮೀಟರ್.

ಮುಂದೆ ಭಾರ ಹೇರಿದರೆ ಸೈಕಲ್ ಉರುಳುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಸೈಕಲ್ ಏಕೆ ಬೀಳದೆ ನಿಲ್ಲುತ್ತದೆ ಎಂಬುದೇ ಜಾಣರನ್ನು ಕಾಡಿದ ಪ್ರಶ್ನೆ. ತಿರುಗುವ ಗಾಲಿಯ ಬುಗುರಿ ಗುಣವೇ ಅದನ್ನು ನಿಲ್ಲಿಸುತ್ತದೆ ಎಂದು ನಾವೆಲ್ಲ ಕಲಿತಿದ್ದೆವು, ಕಲಿಸಿಯೂ ಇದ್ದೆವು. 1970ರಲ್ಲಿ ಡೇವಿಡ್ ಜೋನ್ಸ್ ಎಂಬ ಇಂಗ್ಲೆಂಡಿನ ವಿಜ್ಞಾನಿ, ಹಿಮ್ಮುಖ ತಿರುಗುವ ಇನ್ನೊಂದು ಗಾಲಿ ಕಟ್ಟಿ ಆ ಗುಣವನ್ನು ಅಳಿಸಿ ಹಾಕಿದ. ಆದರೂ ಸೈಕಲ್ ಓಡಿಸಲು ಬಂತು. 2011ರಲ್ಲಿ ಅಮೆರಿಕ ಮತ್ತು ನೆದರ್ಲೆಂಡ್ಸಿನ ತಜ್ಞರು 'ಸೈನ್ಸ್' ಪತ್ರಿಕೆಯಲ್ಲಿ ಇನ್ನೂ ಮುಂದೆ ಹೋಗಿ, ಹ್ಯಾಂಡಲ್ಲಿನ ಜೊತೆ ತಿರುಗುವ ಭಾಗದಲ್ಲಿ ತೂಕ ಎಲ್ಲಿದೆ ಎಂಬುದೂ ಸ್ಥಿರತೆಗೆ ಮುಖ್ಯ ಎಂದು ತೋರಿಸಿದರು. ನಮ್ಮ ಮಟ್ಟಿಗೆ ಹೇಳುವುದಾದರೆ, ಮುಂದಿನ ಭಾರ ಹಗುರವಿರಲಿ, ನಡುವೆ ಇರಲಿ, ಅಲ್ಲಾಡದಂತೆ ಬಿಗಿದಿರಲಿ. ಹ್ಯಾಂಡಲ್ಲಿಗೆ ಚೀಲ ತೂಗುಹಾಕುವುದು ಎಲ್ಲಕ್ಕಿಂತ ಕೆಟ್ಟದ್ದು. ಅದು ಓಲಾಡಿ ಒಂದು ದಿನ ಕಡ್ಡಿಗಳ ನಡುವೆ ಸಿಕ್ಕಿಕೊಳ್ಳುತ್ತದೆ.

ಈಗ ಹುಡುಗನ ಕೈ ಕೂಡಿದೆ. ಬೆಳಿಗ್ಗೆ, ಬುದ್ಧ ಮಲಗಿದ ಬೆಟ್ಟದ ಮೇಲೆ ಬಿಸಿಲು ಬೀಳುವ ಹೊತ್ತಿಗೆ, ಹಿಂದೆ ತಂಗಿ, ಮುಂದೆ ರೊಟ್ಟಿ ಡಬ್ಬಿ ಇಟ್ಟುಕೊಂಡು ಊರೊಳಗೆ ಬರುತ್ತಾನೆ. ಸೇತುವೆಯ ಹತ್ತಿರ ಇಳಿದು ತಳ್ಳಿಕೊಂಡು ಬಾ ಎಂದು ಹೇಳಿದ್ದೇನೆ. ಹೂಂ ಎನ್ನುತ್ತಾನೆ, ಇಳಿಯುತ್ತಾನೋ ಇಲ್ಲವೋ ದೇವರೇ ಬಲ್ಲ.

ವೆಲ್ಡಿಂಗಿನವರ ಹತ್ತಿರ ಎರಡನೆಯ ಸಲ ಹೋದಾಗ ನಾನು ಚೀಟಿ ಒಯ್ದಿರಲಿಲ್ಲ. "ನಿಮ್ಮ ಕಟಗಿ ತುಂಡು ತೆಗೀರಿ" ಎಂದೆ. ಕೆಲಸ ಮುಗಿದ ಮೇಲೆ ಅದನ್ನು ಕೇಳಿ ಇಸಿದುಕೊಂಡು ಬಂದೆ. ಅದು ಈಗ ನಮ್ಮ ಪ್ರಯೋಗಾಲಯದ ಕಪಾಟಿನಲ್ಲಿ ವರ್ನಿಯರ್ ಕ್ಯಾಲಿಪರ್ಸಿನ ಪಕ್ಕದಲ್ಲಿದೆ. ಈ ವರ್ಷ ಎಂಟನೆಯ ತರಗತಿಗೆ ಹೊಸದಾಗಿ ಬಂದ ಮಕ್ಕಳು, "ಸರ್ರ, ಇದು ಯಾವ ಉಪಕರಣ್ರಿ?" ಎಂದು ಕೇಳಿದರು.

ಕೂಡ್ರಿಸಿ, ಈ ಕಥೆಯನ್ನೆಲ್ಲ ಹೇಳಿದೆ.